ಪುಟ್ಟ ಮಕ್ಕಳಿಗೆ ಕ್ರಿಸ್‌ಮಸ್ ಪ್ಲಾಟ್‌ಫಾರ್ಮ್ ಗೇಮ್ ಮಾಡುವುದು: ಮೊದಲ ಜಿಗಿತದಿಂದ ಕೊನೆಯ ದೀಪದವರೆಗೆ

ಐದು ವರ್ಷದ ಮಗು ಕಂದಕದ ಅಂಚಿನಲ್ಲಿ ಸರಿಯಾದ ಹೊತ್ತಿಗೆ ಜಿಗಿಯುವುದು ಅಪರೂಪ. ಒಂದೋ ಎರಡು ಹೆಜ್ಜೆ ಮೊದಲೇ ಗಾಬರಿಯಿಂದ ಬಟನ್ ಒತ್ತಿಬಿಡುತ್ತದೆ, ಇಲ್ಲವೇ ಕಾಲ ಕೆಳಗೆ ನೆಲ ಇಲ್ಲ ಎಂದು ಕಂಡ ಮೇಲೆ ಒತ್ತುತ್ತದೆ. ದೊಡ್ಡವರಿಗಾಗಿ ಮಾಡಿದ ಆಟದಲ್ಲಿ ಎರಡಕ್ಕೂ ಒಂದೇ ಶಿಕ್ಷೆ: ಬೀಳುವುದು. ನಾಲ್ಕು ಸಲ ಬಿದ್ದ ಮಗು ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋಗುತ್ತದೆ. ಹಿಮ, ಗಂಟೆ, ಬಣ್ಣದ ದೀಪ ಎಷ್ಟು ಚೆಂದ ಮಾಡಿದ್ದರೂ ಆಮೇಲೆ ಅದನ್ನು ನೋಡುವವರಿರುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲು ಜಿಗಿತ, ಆಮೇಲೆ ನೆಲ, ಅದಾದ ಮೇಲೆ ಬಿದ್ದಾಗ ಏನಾಗಬೇಕು ಎಂಬುದು. ಹಬ್ಬದ ಅಲಂಕಾರ ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ಒಂದು ತಿಂಗಳು ಕೂತು ಚಿತ್ರ ಬರೆದು, ಹಬ್ಬಕ್ಕೆ ಮೂರು ದಿನ ಇರುವಾಗ ಜಿಗಿತ ಸರಿಯಿಲ್ಲ ಎಂದು ಕಂಡುಕೊಳ್ಳುತ್ತಾರೆ.

ಮಾಡಲಿರುವ ಆಟ ಇದು: ಕೆಂಪು ಮಫ್ಲರ್ ಸುತ್ತಿಕೊಂಡ ಅಳಿಲೊಂದು ಹಿಮದ ಕಾಡಿನಲ್ಲಿ ಎಡದಿಂದ ಬಲಕ್ಕೆ ಓಡುತ್ತದೆ. ದಾರಿಯಲ್ಲಿ 24 ಪುಟ್ಟ ದೀಪಗಳು ಚದುರಿವೆ. ಕೊನೆಯಲ್ಲಿ ಕತ್ತಲಲ್ಲಿ ನಿಂತ ಕ್ರಿಸ್‌ಮಸ್ ಮರ ಇದೆ. ಎಷ್ಟು ದೀಪ ಸಿಕ್ಕಿದೆಯೋ ಅಷ್ಟು ಮರದ ಮೇಲೆ ಹೊತ್ತಿಕೊಳ್ಳುತ್ತವೆ. ನಾಲ್ಕರಿಂದ ಏಳು ವರ್ಷದ ಮಕ್ಕಳು ಆಡಬೇಕು, ಪಕ್ಕದಲ್ಲಿ ಅಪ್ಪನೋ ಅಮ್ಮನೋ ಅಜ್ಜಿಯೋ ಎರಡನೇ ಕಂಟ್ರೋಲರ್ ಹಿಡಿದು ಕೂರಬಹುದು. ಓದಲು ಬರದ ಮಗುವೂ ಆಡುವಂತಿರಬೇಕು. ಹಾಗಾಗಿ ಪರದೆಯ ಮೇಲೆ ಒಂದೇ ಒಂದು ಪದವೂ ಬೇಡ.

ಬೇಕಾದ ಸಲಕರಣೆ

ಆಟ ತಯಾರಿಸುವ ತಂತ್ರಾಂಶವಾದ ಗೊಡೋ ಎಂಜಿನ್, 4.3 ಅಥವಾ ಅದರ ನಂತರದ ಆವೃತ್ತಿ. ಉಚಿತ, ಎಂಐಟಿ ಪರವಾನಗಿಯದು, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. 4.3 ಎಂದು ಹೇಳುವುದಕ್ಕೆ ಕಾರಣ ಇದೆ. ನೆಲ ಜೋಡಿಸುವ ಟೈಲ್‌ಮ್ಯಾಪ್‌ಲೇಯರ್ ಮತ್ತು ಹಿನ್ನೆಲೆ ಸರಿಸುವ ಪ್ಯಾರಲಾಕ್ಸ್2ಡಿ ನೋಡ್‌ಗಳು (ಗೊಡೋದಲ್ಲಿ ಆಟ ಕಟ್ಟುವ ಬಿಡಿಭಾಗಗಳು) ಆ ಆವೃತ್ತಿಯಲ್ಲಿ ಬಂದವು, ಬ್ರೌಸರಿಗೆ ಎಕ್ಸ್‌ಪೋರ್ಟ್ ಮಾಡುವ ತೊಡಕೂ ಅಲ್ಲೇ ಕಡಿಮೆಯಾಯಿತು. ಇದರ ಜೊತೆಗೆ ಒಂದು ಗೇಮ್‌ಪ್ಯಾಡ್ ಬೇಕೇ ಬೇಕು, ಎರಡಿದ್ದರೆ ಇನ್ನೂ ಒಳ್ಳೆಯದು. ಕೀಬೋರ್ಡಿನಲ್ಲಿ ಮಾತ್ರ ಪರೀಕ್ಷಿಸಿದ ಆಟ ಮಗುವಿನ ಹೆಬ್ಬೆರಳಿನಡಿ ಬೇರೆಯೇ ಆಗಿ ವರ್ತಿಸುತ್ತದೆ.

ಚಿತ್ರ ಬರೆಯಲು ಬರದಿದ್ದರೆ, ಆಟದ ಚಿತ್ರಗಳನ್ನು ಹಂಚುವ ಕೆನ್ನಿ ಎಂಬ ಜಾಲತಾಣದಲ್ಲಿ ಸಿಸಿ0 ಪರವಾನಗಿಯ ಪ್ಲಾಟ್‌ಫಾರ್ಮ್ ಚಿತ್ರಗಳು ಸಿಗುತ್ತವೆ. ಯಾರ ಅನುಮತಿಯನ್ನೂ ಕೇಳದೆ ಬಳಸಬಹುದು. ಶುರುವಿಗೆ ಅದೂ ಬೇಡ, ಬೂದು ಬಣ್ಣದ ಚೌಕಗಳೇ ಸಾಕು.

ಹೊಸ ಪ್ರಾಜೆಕ್ಟ್ ತೆರೆದು, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ, ವಿಂಡೋ ವಿಭಾಗದಲ್ಲಿ ಅಗಲ 1280, ಎತ್ತರ 720 ಎಂದು ಕೊಡಿ. ಸ್ಟ್ರೆಚ್ ಮೋಡ್ ಕ್ಯಾನ್ವಾಸ್ ಐಟಮ್ಸ್, ಆಸ್ಪೆಕ್ಟ್ ಕೀಪ್. ಒಂದು ಟೈಲ್ (ನೆಲ ಜೋಡಿಸುವ ಚೌಕ) 64 ಪಿಕ್ಸೆಲ್. ಹಾಗಾದರೆ ಒಂದು ಪರದೆಯಲ್ಲಿ ಅಡ್ಡಕ್ಕೆ 20 ಟೈಲ್, ಉದ್ದಕ್ಕೆ 11ಕ್ಕಿಂತ ತುಸು ಹೆಚ್ಚು ಕಾಣುತ್ತದೆ. ಇದಕ್ಕಿಂತ ಹೆಚ್ಚು ತೋರಿಸಿದರೆ ಅಳಿಲು ಚಿಕ್ಕದಾಗುತ್ತದೆ, ಟಿವಿಯಿಂದ ಎರಡು ಮೀಟರ್ ದೂರ ಕೂತ ಮಗು ತಾನು ಎಲ್ಲಿದ್ದೇನೆಂದು ಹುಡುಕತೊಡಗುತ್ತದೆ.

ಜಿಗಿತ: ಅಂದಾಜು ಬೇಡ, ಲೆಕ್ಕ ಹಾಕಿ

ಕ್ಯಾರೆಕ್ಟರ್‌ಬಾಡಿ2ಡಿ ನೋಡ್ ಸೇರಿಸಿ. ಅದರೊಳಗೆ ಒಂದು ಸ್ಪ್ರೈಟ್ (ಅಳಿಲಿನ ಚಿತ್ರ), ಒಂದು ಕೊಲಿಶನ್‌ಶೇಪ್2ಡಿ (ನೆಲ, ಗೋಡೆಗೆ ತಾಗುವ ಆಕಾರ). ಶೇಪ್‌ಗೆ ಆಯತ ಬೇಡ, ಕ್ಯಾಪ್ಸೂಲ್ ಇರಲಿ: ತ್ರಿಜ್ಯ 20, ಎತ್ತರ 72. ಆಯತವಾದರೆ ಎರಡು ಟೈಲ್‌ಗಳು ಕೂಡುವ ಜಾಗದಲ್ಲಿ ಅದರ ಮೂಲೆ ಸಿಕ್ಕಿಹಾಕಿಕೊಂಡು, ಸಮತಟ್ಟಾದ ನೆಲದಲ್ಲೇ ಅಳಿಲು ಇದ್ದಕ್ಕಿದ್ದಂತೆ ನಿಂತುಬಿಡಬಹುದು. ಕ್ಯಾಪ್ಸೂಲಿನ ಗುಂಡನೆಯ ತಳ ಜಾರಿಕೊಂಡು ಹೋಗುತ್ತದೆ.

ಗುರುತ್ವ ಎಷ್ಟು, ಜಿಗಿತದ ವೇಗ ಎಷ್ಟು ಎಂದು ಕೈಗೆ ಬಂದ ಸಂಖ್ಯೆ ಹಾಕಿ ತಿದ್ದುತ್ತಾ ಕೂರುವುದು ವ್ಯರ್ಥ. ಎಷ್ಟು ಎತ್ತರ ಜಿಗಿಯಬೇಕು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬೆರಡನ್ನು ಮೊದಲು ತೀರ್ಮಾನಿಸಿ. ಉಳಿದದ್ದು ಶಾಲೆಯ ಭೌತಶಾಸ್ತ್ರ. ಎತ್ತರವನ್ನು ಎರಡರಿಂದ ಗುಣಿಸಿ, ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ. ಆ ಗುರುತ್ವವನ್ನು ಸಮಯದಿಂದ ಗುಣಿಸಿದರೆ ಆರಂಭದ ವೇಗ.

ಈ ಆಟಕ್ಕೆ ಎತ್ತರ 160 ಪಿಕ್ಸೆಲ್, ಅಂದರೆ ಎರಡೂವರೆ ಟೈಲ್. ಸಮಯ 0.5 ಸೆಕೆಂಡ್. ಗುರುತ್ವ 1280, ಜಿಗಿತದ ವೇಗ 640. ಗೊಡೋದಲ್ಲಿ ಕೆಳಗಿನ ದಿಕ್ಕು ಧನ, ಹಾಗಾಗಿ 640ರ ಹಿಂದೆ ಋಣ ಚಿಹ್ನೆ ಇರಬೇಕು. ಇಳಿಯುವಾಗ ಮಾತ್ರ ಗುರುತ್ವ 1600 ಮಾಡಿ. ಏರಿಳಿತ ಎರಡೂ ಒಂದೇ ಲಯದಲ್ಲಿದ್ದರೆ ಅಳಿಲು ಬಲೂನಿನಂತೆ ತೇಲುತ್ತದೆ. ಇಳಿಯುವ ವೇಗ 700 ದಾಟದಂತೆ ತಡೆಯಿರಿ.

ಕಾಗದದ ಲೆಕ್ಕಕ್ಕೂ ಪರದೆಗೂ ಒಂದು ಸಣ್ಣ ವ್ಯತ್ಯಾಸ ಬರುತ್ತದೆ. ಆಟ ಸೆಕೆಂಡಿಗೆ 60 ಹೆಜ್ಜೆಗಳಲ್ಲಿ ನಡೆಯುತ್ತದೆ. ಪ್ರತಿ ಹೆಜ್ಜೆಯಲ್ಲಿ ಮೊದಲು ಗುರುತ್ವ ಸೇರಿಸಿ ಆಮೇಲೆ ಚಲಿಸಿದರೆ ಎತ್ತರ 160ರ ಬದಲು ಸುಮಾರು 155 ಆಗುತ್ತದೆ. ಇದು ತಿಳಿಯದೆ ಸರಿಯಾಗಿ ಎರಡೂವರೆ ಟೈಲ್ ಎತ್ತರದ ಮೆಟ್ಟಿಲು ಇಟ್ಟರೆ ಅಳಿಲಿನ ಪಾದ ಅಂಚಿಗೆ ತಾಗಿ ವಾಪಸು ಬೀಳುತ್ತಲೇ ಇರುತ್ತದೆ. ಮೆಟ್ಟಿಲು ಎರಡು ಟೈಲ್ ಮೀರದಿರಲಿ, ಆಗ ಸುಮಾರು 27 ಪಿಕ್ಸೆಲ್ ಉಳಿತಾಯ ಇರುತ್ತದೆ.

ಅಡ್ಡ ವೇಗ ಸೆಕೆಂಡಿಗೆ 240 ಪಿಕ್ಸೆಲ್. ಪೂರ್ತಿ ವೇಗ ಹಿಡಿಯಲು 0.15 ಸೆಕೆಂಡ್ (ವೇಗವರ್ಧನೆ 1600), ನಿಲ್ಲಲು 0.1 ಸೆಕೆಂಡ್ (2400). ಹೀಗಿದ್ದರೆ ಕೈಬಿಟ್ಟ ಮೇಲೆ ಅಳಿಲು ಬರೀ 12 ಪಿಕ್ಸೆಲ್ ಜಾರಿ ನಿಲ್ಲುತ್ತದೆ. ಓಡಲು ಪ್ರತ್ಯೇಕ ಬಟನ್ ಬೇಡ. ಒಂದು ಕೈ ದಿಕ್ಕಿಗೆ, ಇನ್ನೊಂದು ಕೈ ಜಿಗಿತಕ್ಕೆ, ಈ ವಯಸ್ಸಿಗೆ ಅಷ್ಟೇ ಸಾಕು. ಗೇಮ್‌ಪ್ಯಾಡಿನ ಬಲಗಡೆಯ ನಾಲ್ಕೂ ಬಟನ್‌ಗಳನ್ನು ಜಿಗಿತಕ್ಕೇ ಕೊಟ್ಟುಬಿಡಿ. ಮಗು ಯಾವುದನ್ನು ಒತ್ತಿದರೂ ಜಿಗಿಯಲಿ.

ಇಲ್ಲೊಂದು ತಪ್ಪು ಬಹಳ ಸಾಮಾನ್ಯ. ಗುರುತ್ವವನ್ನು ಡೆಲ್ಟಾದಿಂದ (ಹಿಂದಿನ ಹೆಜ್ಜೆಯಿಂದ ಕಳೆದ ಸಮಯ) ಗುಣಿಸಬೇಕು, ಆದರೆ ವೆಲಾಸಿಟಿಯನ್ನು ಗುಣಿಸಬಾರದು. ಅಳಿಲನ್ನು ಸರಿಸುವ ಮೂವ್ ಅಂಡ್ ಸ್ಲೈಡ್ ಆಜ್ಞೆ ಅದನ್ನು ತಾನೇ ನೋಡಿಕೊಳ್ಳುತ್ತದೆ. ಎರಡು ಸಲ ಗುಣಿಸಿದರೆ ಅಳಿಲು ಅಂಟಿನಲ್ಲಿ ಸಿಕ್ಕಂತೆ ಕದಲದೆ ನಿಲ್ಲುತ್ತದೆ.

ಕ್ಷಮಿಸುವ ಎರಡು ಟೈಮರ್‌ಗಳು

ಇಡೀ ಆಟದಲ್ಲಿ ಅತಿ ಮುಖ್ಯವಾದ ಹತ್ತು ಸಾಲು ಕೋಡ್ ಇದು. ಅಂಚು ದಾಟಿದ ಮೇಲೂ ಸ್ವಲ್ಪ ಹೊತ್ತು ಜಿಗಿಯಲು ಬಿಡುವುದಕ್ಕೆ ಆಟ ಮಾಡುವವರು ಕೊಯೊಟೆ ಟೈಮ್ ಎನ್ನುತ್ತಾರೆ. ನೆಲ ಮುಟ್ಟುವ ಮೊದಲೇ ಒತ್ತಿದ್ದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸುವುದು ಜಂಪ್ ಬಫರ್. ದೊಡ್ಡವರ ಆಟಗಳಲ್ಲಿ ಇವೆರಡೂ 0.1 ಸೆಕೆಂಡಿನ ಆಸುಪಾಸು ಇರುತ್ತವೆ. ಪುಟ್ಟ ಮಕ್ಕಳಿಗೆ ಎರಡನ್ನೂ 0.2 ಮಾಡಿ.

1. ಅಳಿಲು ನೆಲದ ಮೇಲಿದ್ದರೆ ಅಂಚಿನ ಟೈಮರ್‌ಗೆ 0.2 ತುಂಬಿ. ಇಲ್ಲದಿದ್ದರೆ ಅದರಿಂದ ಡೆಲ್ಟಾ ಕಳೆಯುತ್ತಾ ಹೋಗಿ.
2. ಜಿಗಿತದ ಬಟನ್ ಈಗಷ್ಟೇ ಒತ್ತಿದ್ದರೆ ಬಫರ್ ಟೈಮರ್‌ಗೆ 0.2 ತುಂಬಿ. ಇಲ್ಲದಿದ್ದರೆ ಅದರಿಂದಲೂ ಡೆಲ್ಟಾ ಕಳೆಯಿರಿ.
3. ಎರಡೂ ಸೊನ್ನೆಗಿಂತ ಹೆಚ್ಚಿದ್ದರೆ ಲಂಬ ವೇಗ ಋಣ 640 ಮಾಡಿ, ಎರಡು ಟೈಮರ್‌ಗಳನ್ನೂ ಸೊನ್ನೆ ಮಾಡಿ.
4. ಕೊನೆಗೆ ಮೂವ್ ಅಂಡ್ ಸ್ಲೈಡ್.

ಮೂರನೇ ಹಂತದಲ್ಲಿ ಅಂಚಿನ ಟೈಮರ್ ಸೊನ್ನೆ ಮಾಡಲು ಮರೆತರೆ, ಜಿಗಿದ ಬೆನ್ನಲ್ಲೇ ಮತ್ತೊಮ್ಮೆ ಒತ್ತಿದಾಗ ಅಳಿಲು ಗಾಳಿಯಲ್ಲೇ ಎರಡನೇ ಸಲ ಜಿಗಿಯುತ್ತದೆ. ಬಟನನ್ನು ಪಟಪಟ ಕುಟ್ಟುವ ಮಕ್ಕಳ ಕೈಯಲ್ಲಿ ಇದು ಮೊದಲ ನಿಮಿಷದಲ್ಲೇ ಹೊರಬೀಳುತ್ತದೆ. ಅಂಚು ದಾಟಿದ ಆ 0.2 ಸೆಕೆಂಡಿನಲ್ಲಿ ಗುರುತ್ವವನ್ನು ಅರ್ಧಕ್ಕೆ ಇಳಿಸಿ. ಆಗ ಅಳಿಲು 32ರ ಬದಲು 16 ಪಿಕ್ಸೆಲ್ ಮಾತ್ರ ಕುಸಿದಿರುತ್ತದೆ, ತಡವಾದ ಜಿಗಿತವೂ ಅಂಚಿನಿಂದಲೇ ಹಾರಿದಂತೆ ಕಾಣುತ್ತದೆ. ತಾನು ಸರಿಯಾಗಿಯೇ ಜಿಗಿದೆ ಎಂದು ಮಗು ನಂಬುತ್ತದೆ, ನಂಬಲಿ.

ಬಟನ್ ಬೇಗ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಉದ್ದ ಜಿಗಿತ ಎಂಬ ಏರ್ಪಾಡು ಬಹುತೇಕ ಪ್ಲಾಟ್‌ಫಾರ್ಮ್ ಆಟಗಳಲ್ಲಿದೆ. ಇಲ್ಲಿ ಅದು ಬೇಡ. ಚಿಕ್ಕ ಮಕ್ಕಳು ಬಟನ್ ಹಿಡಿಯುವುದಿಲ್ಲ, ತಟ್ಟುತ್ತಾರೆ. ತಟ್ಟಿದಾಗಲೆಲ್ಲ ಗಿಡ್ಡ ಜಿಗಿತ ಬಂದು ಕಂದಕಕ್ಕೆ ಬೀಳುತ್ತಾರೆ, ಏಕೆ ಎಂದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಹೇಗೆ ಒತ್ತಿದರೂ ಪೂರ್ತಿ ಜಿಗಿತ ಬರಲಿ.

ಕಂದಕವನ್ನು ಸೆಕೆಂಡಿನಲ್ಲಿ ಅಳೆಯಿರಿ

ಮೇಲಿನ ಸಂಖ್ಯೆಗಳಲ್ಲಿ ಒಂದು ಜಿಗಿತ ಗಾಳಿಯಲ್ಲಿರುವುದು ಸುಮಾರು 0.95 ಸೆಕೆಂಡ್, ಕ್ರಮಿಸುವುದು 227 ಪಿಕ್ಸೆಲ್, ಅಂದರೆ ಮೂರೂವರೆ ಟೈಲ್. ಹಾಗಾದರೆ ಮೂರು ಟೈಲ್ ಕಂದಕ ದಾಟಬಹುದಲ್ಲ ಎಂದು ಇಟ್ಟುಬಿಡಬೇಡಿ. ಮಗುವಿಗೆ ಸಿಗುವ ಸಮಯ ಎಷ್ಟು ಎಂದು ನೋಡಿ.

ಎರಡು ಟೈಲ್ ಕಂದಕ 128 ಪಿಕ್ಸೆಲ್. ಅಂಚಿಗಿಂತ 99 ಪಿಕ್ಸೆಲ್ ಮೊದಲೇ ಜಿಗಿದರೂ ಆಚೆ ತಲುಪುತ್ತದೆ, ಅದು 0.41 ಸೆಕೆಂಡ್. ಜೊತೆಗೆ ಅಂಚು ದಾಟಿದ ಮೇಲಿನ 0.2. ಒಟ್ಟು 0.6 ಸೆಕೆಂಡಿನ ಕಿಟಕಿ. ಮೂರು ಟೈಲ್ ಕಂದಕಕ್ಕೆ ಇದೇ ಲೆಕ್ಕ ಹಾಕಿದರೆ ಉಳಿಯುವುದು 35 ಪಿಕ್ಸೆಲ್, 0.15 ಸೆಕೆಂಡ್, ಒಟ್ಟು 0.35. ನೋಡಲು ಒಂದೇ ಟೈಲ್ ಹೆಚ್ಚಾದದ್ದು, ಆದರೆ ಕಿಟಕಿ ಬಹುತೇಕ ಅರ್ಧಕ್ಕೆ ಇಳಿಯಿತು. ಮೊದಲ ಮೂರು ಲೆವೆಲ್‌ಗಳಲ್ಲಿ ಎರಡು ಟೈಲ್ ಮೀರಬೇಡಿ. ಮೂರು ಟೈಲಿನದ್ದನ್ನು ಆರನೇ ಲೆವೆಲ್‌ನ ನಂತರ ತನ್ನಿ, ಅದೂ ಕೆಳಗೆ ಮೆತ್ತನೆಯ ಹಿಮದ ದಿಬ್ಬವಿದ್ದು ಹತ್ತಿ ಬರಲು ದಾರಿ ಇರುವಾಗ.

ಲೆವೆಲ್ ಬರೆಯಲು ಟೈಲ್‌ಮ್ಯಾಪ್‌ಲೇಯರ್ ಸೇರಿಸಿ. ಬಣ್ಣ ಹಚ್ಚಿದ ನೆಲದ ಮೂಲಕ ಅಳಿಲು ಸೀದಾ ಕೆಳಗೆ ಬಿದ್ದರೆ ಗಾಬರಿ ಬೇಡ: ಟೈಲ್‌ಸೆಟ್‌ನಲ್ಲಿ ಫಿಸಿಕ್ಸ್ ಲೇಯರ್ ಸೇರಿಸಿಲ್ಲ, ಅಥವಾ ಸೇರಿಸಿ ಟೈಲ್‌ಗಳಿಗೆ ಆಕಾರ ಎಳೆದಿಲ್ಲ. ನೇತಾಡುವ ಹಲಗೆಗಳಿಗೆ ಒನ್ ವೇ ಕೊಲಿಶನ್ ಗುರುತು ಹಾಕಿ. ಆಗ ಕೆಳಗಿನಿಂದ ಜಿಗಿದಾಗ ತಲೆ ಬಡಿಯದೆ ಅಳಿಲು ಮೇಲೇರಿ ನಿಲ್ಲುತ್ತದೆ.

ಒಂದು ಲೆವೆಲ್ ಸುಮಾರು 120 ಟೈಲ್ ಉದ್ದ ಇರಲಿ. ನಿಲ್ಲದೆ ಓಡಿದರೆ 32 ಸೆಕೆಂಡಿನಲ್ಲಿ ಮುಗಿಯುತ್ತದೆ, ನಿಂತು ನೋಡಿ ಹಿಂದೆ ಹೋಗಿ ದೀಪ ಹೆಕ್ಕುವ ಮಗುವಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಒಂದು ಲೆವೆಲ್‌ಗೆ ಒಂದೇ ಹೊಸ ವಿಷಯ. ಮೊದಲು ಅದನ್ನು ಅಪಾಯವೇ ಇಲ್ಲದ ಜಾಗದಲ್ಲಿ ತೋರಿಸಿ. ಉದಾಹರಣೆಗೆ ಚಲಿಸುವ ಜಾರುಬಂಡಿಯನ್ನು ಸಮತಟ್ಟಾದ ನೆಲದ ಮೇಲೆ ಇಟ್ಟು, ಅದರ ಮೇಲೊಂದು ದೀಪ ಇಡಿ. ಮಗು ತಾನೇ ಹತ್ತುತ್ತದೆ. ಅದಾದ ಮೇಲೆ ಅದೇ ಜಾರುಬಂಡಿ ಚಿಕ್ಕ ಕಂದಕದ ಮೇಲೆ, ಕೊನೆಗೆ ಎರಡು ಜಾರುಬಂಡಿ.

ದೀಪಗಳನ್ನು ಅಲಂಕಾರಕ್ಕೆಂದು ಚೆಲ್ಲಬೇಡಿ, ಅವೇ ದಾರಿಯ ಗುರುತು. ಕಂದಕದ ಮೇಲೆ ಮೂರು ದೀಪಗಳನ್ನು ಜಿಗಿತದ ಕಮಾನಿನಲ್ಲೇ ಜೋಡಿಸಿ, ಮೊದಲನೆಯದು ಅಂಚಿಗಿಂತ ಅರ್ಧ ಟೈಲ್ ಮೊದಲು ಇರಲಿ. ಆ ದೀಪ ಹಿಡಿಯಲು ಜಿಗಿದವರು ಸರಿಯಾದ ಜಾಗದಲ್ಲೇ ಜಿಗಿದಿರುತ್ತಾರೆ. ಒಂದು ಮಾತೂ ಬರೆಯದೆ ಜಿಗಿಯುವ ಹೊತ್ತನ್ನು ಹೇಳಿಕೊಟ್ಟಂತಾಯಿತು. ದೀಪದ ಚಿತ್ರ 40 ಪಿಕ್ಸೆಲ್ ಇದ್ದರೆ ಅದನ್ನು ಹಿಡಿಯುವ ಏರಿಯಾ2ಡಿ ವೃತ್ತದ ತ್ರಿಜ್ಯ 36 ಇಡಿ, ಚಿತ್ರಕ್ಕಿಂತ ದೊಡ್ಡದಾಗಿ. ಉರುಳಿ ಬರುವ ಹಿಮದ ಚೆಂಡಿಗೆ ಇದರ ತದ್ವಿರುದ್ಧ: ಚಿತ್ರ 64 ಪಿಕ್ಸೆಲ್, ತಾಗುವ ಭಾಗ 36 ಮಾತ್ರ. ಸಿಗಬೇಕಾದ್ದು ಸುಲಭವಾಗಿ ಸಿಗಲಿ, ತಾಗಬಾರದ್ದು ಅಷ್ಟು ಸುಲಭವಾಗಿ ತಾಗದಿರಲಿ.

ಹಿಮದ ಆಟ ಎಂದ ಮೇಲೆ ಜಾರುವ ಮಂಜುಗಡ್ಡೆ ಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ಇಡಬಹುದು, ಆದರೆ ಹಿತಮಿತವಾಗಿ. ನಿಲ್ಲುವ ವೇಗವರ್ಧನೆಯನ್ನು 2400ರಿಂದ 600ಕ್ಕೆ ಇಳಿಸಿದರೆ ಅಳಿಲು 48 ಪಿಕ್ಸೆಲ್ ಜಾರಿ ನಿಲ್ಲುತ್ತದೆ, ಒಂದು ಟೈಲಿಗಿಂತ ಕಡಿಮೆ. ಮಂಜಿನ ಮುಂದೆ ಕಂದಕ ಬೇಡ, ಗೋಡೆ ಅಥವಾ ಹಿಮದ ರಾಶಿ ಇರಲಿ.

ಬಿದ್ದರೆ ಏನಾಗಬೇಕು

ಜೀವಗಳ ಲೆಕ್ಕ ಇಡಬೇಡಿ. ಆಟ ಮುಗಿಯಿತು ಎಂಬ ಪರದೆ ಬೇಡ. ಲೆವೆಲ್ ಮೊದಲಿಂದ ಶುರು ಮಾಡಿಸಬೇಡಿ. ಬಿದ್ದ ಅಳಿಲನ್ನು ಒಂದು ಗುಳ್ಳೆ ಎತ್ತಿಕೊಂಡು ಬಂದು ಕೊನೆಯ ಗಟ್ಟಿ ನೆಲದ ಮೇಲೆ ಇಳಿಸಲಿ, ಸಿಕ್ಕ ದೀಪಗಳು ಹಾಗೇ ಉಳಿಯಲಿ. ಗುಳ್ಳೆ ಹೊಸದಲ್ಲ. ನಿಂಟೆಂಡೊ 2009ರ ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ವೀಯಲ್ಲಿ ಕೂಡಿ ಆಡುವವರಿಗೆ ಇದನ್ನು ಕೊಟ್ಟಿತ್ತು. ಅದಕ್ಕೂ ಮೊದಲು, 1992ರಲ್ಲಿ ಮಸಾಹಿರೊ ಸಕುರೈ ಹೊಸಬರೂ ಆಡಲಿ ಎಂದು ರೂಪಿಸಿದ ಆಟದ ಪಾತ್ರ ಕಿರ್ಬಿ ಗಾಳಿ ತುಂಬಿಕೊಂಡು ತೇಲಿ ಕಂದಕ ದಾಟುತ್ತಿದ್ದ.

ಮಾಡುವ ಕ್ರಮ ಹೀಗೆ. ಅಳಿಲಿನ ಪಾದಗಳ ಎಡಕ್ಕೊಂದು ಬಲಕ್ಕೊಂದು, ಮಧ್ಯದಿಂದ 32 ಪಿಕ್ಸೆಲ್ ದೂರದಲ್ಲಿ, ಕೆಳಗೆ ನೆಲ ಇದೆಯೇ ಎಂದು ತಡಕಿ ನೋಡುವ, ಕಡ್ಡಿಯಂಥ ಎರಡು ರೇಕಾಸ್ಟ್2ಡಿ ಕೆಳಮುಖವಾಗಿ ಇಡಿ. ಎರಡೂ ನೆಲಕ್ಕೆ ತಾಗುತ್ತಿದ್ದು, ಅಳಿಲು 0.3 ಸೆಕೆಂಡ್ ನೆಲದ ಮೇಲೇ ಇದ್ದರೆ ಆ ಜಾಗವನ್ನು ಸುರಕ್ಷಿತ ಜಾಗ ಎಂದು ಉಳಿಸಿಕೊಳ್ಳಿ. ಈ ಎರಡು ಕಡ್ಡಿಗಳನ್ನು ಬಿಟ್ಟು, ನೆಲದ ಮೇಲಿದ್ದಾಗಲೆಲ್ಲ ಜಾಗ ಉಳಿಸಿದರೆ ಕೊನೆಗೆ ಉಳಿಯುವುದು ಕಂದಕದ ತುತ್ತತುದಿ. ಗುಳ್ಳೆ ಅಲ್ಲಿಗೇ ತಂದು ಬಿಡುತ್ತದೆ, ಮಗು ಬಲಕ್ಕೆ ಒತ್ತಿಕೊಂಡೇ ಇರುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಗುಳ್ಳೆ. ಚಲಿಸುವ ಜಾರುಬಂಡಿಗಳನ್ನು ಬೇರೆ ಕೊಲಿಶನ್ ಲೇಯರ್‌ನಲ್ಲಿಟ್ಟು ರೇಕಾಸ್ಟ್‌ಗೆ ಕಾಣದಂತೆ ಮಾಡಿ, ಇಲ್ಲವಾದರೆ ಬಂಡಿ ಮುಂದೆ ಹೋದ ಮೇಲೆ ಅಳಿಲನ್ನು ಬರೀ ಗಾಳಿಯಲ್ಲಿ ಇಳಿಸಿದಂತಾಗುತ್ತದೆ.

ಗುಳ್ಳೆಯ ಪಯಣ 1 ಸೆಕೆಂಡ್ ಸಾಕು, ಒಂದು ಜಾಗದಿಂದ ಇನ್ನೊಂದಕ್ಕೆ ನುಣುಪಾಗಿ ಸರಿಸುವ ಟ್ವೀನ್‌ನಿಂದ ಮಾಡಿ. ಶುರುವಿನಲ್ಲಿ ಕೊಲಿಶನ್ ಆಫ್ ಮಾಡಿ ವೇಗವನ್ನು ಸೊನ್ನೆ ಮಾಡಿ, ಇಳಿಸುವ ಕ್ಷಣದಲ್ಲಿ ಜಂಪ್ ಬಫರ್ ಸೊನ್ನೆ ಮಾಡಿ. ಗುಳ್ಳೆಯೊಳಗಿರುವಾಗ ಮಗು ಎಲ್ಲ ಬಟನ್‌ಗಳನ್ನೂ ಒತ್ತುತ್ತಿರುತ್ತದೆ. ಬಫರ್ ತೆರವು ಮಾಡದಿದ್ದರೆ ಇಳಿದ ಕ್ಷಣವೇ ಅಳಿಲು ಕುಪ್ಪಳಿಸಿ ಮತ್ತೆ ಕಂದಕ ಸೇರುತ್ತದೆ.

ಹಿಮದ ಚೆಂಡು ತಾಗಿದರೆ ಅಳಿಲು ಎರಡು ಹೆಜ್ಜೆ ಹಿಂದಕ್ಕೆ ಪುಟಿದು ತಲೆಯ ಹಿಮ ಕೊಡವಿಕೊಳ್ಳಲಿ. ಅಷ್ಟೇ ಸಾಕು.

ಇಬ್ಬರು ಆಡುವಾಗ

ದೊಡ್ಡವರ ಕೈಗೆ ಇನ್ನೊಂದು ಅಳಿಲು ಕೊಡುವುದು ಸುಲಭ, ಆದರೆ ಸರಿಯಲ್ಲ. ಅವರು ಮುಂದೆ ಓಡುತ್ತಾರೆ, ದೀಪ ಎಲ್ಲ ಹೆಕ್ಕುತ್ತಾರೆ, ಮಗು ಹಿಂದೆ ಉಳಿಯುತ್ತದೆ. ಎರಡನೆಯವರಿಗೆ ಹಾರಾಡುವ ಲಾಟೀನು ಕೊಡಿ. ಅದು ಬೀಳುವುದಿಲ್ಲ, ದೀಪ ಹೆಕ್ಕುವುದಿಲ್ಲ. ಬಟನ್ ಒತ್ತಿದಾಗ ತನ್ನ ಕೆಳಗೆ ಎರಡು ಟೈಲ್ ಅಗಲದ ಹಿಮದ ಹಲಗೆಯನ್ನು 4 ಸೆಕೆಂಡ್ ನಿಲ್ಲಿಸುತ್ತದೆ. ಮಗು ದಾಟಲಾಗದ ಕಂದಕಕ್ಕೆ ಅಜ್ಜಿ ಸೇತುವೆ ಹಾಕಿಕೊಡಬಹುದು. ಹಲಗೆ ಮಾಯವಾಗುವ ಕೊನೆಯ ಒಂದು ಸೆಕೆಂಡ್ ಅದು ನಡುಗಲಿ, ಇಲ್ಲದಿದ್ದರೆ ಜಗಳ ಖಂಡಿತ.

ಕ್ಯಾಮೆರಾ ಮಗುವಿನದು. ಇಬ್ಬರ ನಡುವಿನ ಬಿಂದುವನ್ನು ಹಿಂಬಾಲಿಸಿದರೆ ದೊಡ್ಡವರು ಸ್ವಲ್ಪ ಸರಿದರೂ ಮಗುವಿನ ಮುಂದಿನ ದಾರಿ ಪರದೆಯಿಂದ ಹೊರಹೋಗುತ್ತದೆ. ಕ್ಯಾಮೆರಾ2ಡಿಯನ್ನು ಅಳಿಲಿಗೇ ಕಟ್ಟಿ, ಪೊಸಿಶನ್ ಸ್ಮೂದಿಂಗ್ 5, ಅಳಿಲು ನೋಡುತ್ತಿರುವ ದಿಕ್ಕಿಗೆ 120 ಪಿಕ್ಸೆಲ್ ಮುಂದೆ. ಪ್ರತಿ ಜಿಗಿತಕ್ಕೂ ಕ್ಯಾಮೆರಾ ಮೇಲೆ ಕೆಳಗೆ ತೂಗದಿರಲಿ, ಅಳಿಲು ನೆಲ ಮುಟ್ಟಿದ ಮೇಲಷ್ಟೇ ಹೊಸ ಎತ್ತರಕ್ಕೆ ನಿಧಾನವಾಗಿ ಸರಿಯಲಿ. ಲಾಟೀನು ಪರದೆ ದಾಟಿದರೆ ಅಂಚಿನಲ್ಲೇ ತಡೆದುಕೊಳ್ಳಲಿ.

ಎರಡು ಗೇಮ್‌ಪ್ಯಾಡ್ ಜೋಡಿಸಿದಾಗ ಒಂದನ್ನು ಅಲುಗಿಸಿದರೆ ಇಬ್ಬರೂ ಚಲಿಸುತ್ತಿದ್ದಾರೆಯೇ? ಇನ್‌ಪುಟ್ ಮ್ಯಾಪ್‌ನಲ್ಲಿ ಪ್ರತಿ ಬಟನ್ನೂ ಆಲ್ ಡಿವೈಸಸ್ ಎಂದೇ ಸೇರಿರುತ್ತದೆ. ಮೊದಲನೆಯವರ ಕ್ರಿಯೆಗಳಿಗೆ ಡಿವೈಸ್ 0, ಎರಡನೆಯವರಿಗೆ ಡಿವೈಸ್ 1 ಎಂದು ಬೇರೆ ಮಾಡಿ. ಡೆಡ್‌ಜೋನ್ (ಸ್ಟಿಕ್ ಇಷ್ಟಕ್ಕಿಂತ ಕಡಿಮೆ ಅಲುಗಿದರೆ ಲೆಕ್ಕಕ್ಕೆ ಬಾರದ ಮಿತಿ) 0.4 ಇರಲಿ, ಮಕ್ಕಳು ಹೆಬ್ಬೆರಳನ್ನು ಸ್ಟಿಕ್ ಮೇಲೆ ಇಟ್ಟೇ ಕೂರುತ್ತಾರೆ. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡಿದರೆ ಕೆಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮೂರನೆಯದು ದಾಖಲಾಗದೇ ಹೋಗಬಹುದು. ಅದು ಕೀಬೋರ್ಡಿನ ಮಿತಿ, ನಿಮ್ಮ ಕೋಡಿನ ತಪ್ಪಲ್ಲ.

ಟಚ್ ಪರದೆಗೆ ಸಾಮಾನ್ಯ ಬಟನ್ ನೋಡ್ ಬಳಸಬೇಡಿ, ಅದು ಏಕಕಾಲಕ್ಕೆ ಎರಡು ಬೆರಳುಗಳನ್ನು ಗುರುತಿಸುವುದಿಲ್ಲ. ಓಡುತ್ತಾ ಜಿಗಿಯಲು ಆಗುವುದೇ ಇಲ್ಲ. ಟಚ್‌ಸ್ಕ್ರೀನ್‌ಬಟನ್ ಬೇಕು. ದಿಕ್ಕಿನ ಬಾಣಗಳು ತಲಾ 160 ಪಿಕ್ಸೆಲ್, ಪರದೆಯ ಬಲ ಅರ್ಧ ಪೂರ್ತಿ ಜಿಗಿತಕ್ಕೆ.

ಈಗ ಹಬ್ಬ

ಬೂದು ಚೌಕಗಳಲ್ಲೇ ಆಟ ಖುಷಿ ಕೊಡತೊಡಗಿದ ಮೇಲೆ ಬಣ್ಣ ಹಿಡಿಯಿರಿ. ಕ್ರಿಸ್‌ಮಸ್ಸಿನ ಕೆಂಪು, ಹಸಿರು, ಬಿಳಿ ಮೂರೂ ಪ್ಲಾಟ್‌ಫಾರ್ಮ್ ಆಟಕ್ಕೆ ತೊಂದರೆ ಕೊಡುವ ಬಣ್ಣಗಳು. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಮಕ್ಕಳಿದ್ದಾರೆ, ಗಂಡುಮಕ್ಕಳಲ್ಲಿ ಹೆಚ್ಚು. ಹಸಿರು ಪೊದೆಯ ಮುಂದಿನ ಕೆಂಪು ಉಡುಗೊರೆ ಅವರಿಗೆ ಪೊದೆಯೊಳಗೇ ಕರಗಿಹೋಗುತ್ತದೆ. ಬಣ್ಣದ ಜೊತೆಗೆ ಆಕಾರವೂ ತಿಳಿ ಗಾಢತನವೂ ಬೇರೆಯಾಗಿರಲಿ: ಮುಟ್ಟಬೇಕಾದವು ಗುಂಡಗೆ, ಹಳದಿ, ಹೊಳೆಯುವಂತೆ, ದೂರವಿರಬೇಕಾದವು ಮೊನಚು, ಗಾಢ. ಪರೀಕ್ಷೆ ಸುಲಭ. ಪರದೆಯ ಚಿತ್ರ ತೆಗೆದು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ದೀಪ, ಅಳಿಲು, ನೆಲದ ಅಂಚು ಈ ಮೂರೂ ಒಂದೇ ನೋಟಕ್ಕೆ ಸಿಗಬೇಕು.

ಬಿಳಿ ಹಿಮದ ಮೇಲೆ ಬಿಳಿ ಆಕಾಶ ಬೇಡ. ಸಂಜೆಯ ನೀಲಿ ನೇರಳೆ ಹಿನ್ನೆಲೆ, ಗಾಢ ಕಂದು ನೆಲ, ಅದರ ನೆತ್ತಿಯ ಮೇಲೆ 12 ಪಿಕ್ಸೆಲ್ ದಪ್ಪದ ಹಿಮದ ಪಟ್ಟಿ. ಆ ಬಿಳಿ ಪಟ್ಟಿ ಇರುವಲ್ಲೆಲ್ಲ ನಿಲ್ಲಬಹುದು ಎಂದು ಮಗು ಎರಡೇ ನಿಮಿಷದಲ್ಲಿ ಕಲಿಯುತ್ತದೆ. ಹಾಗೆ ಕಲಿಸಿದ ಮೇಲೆ, ನಿಲ್ಲಲಾಗದ ಹಿನ್ನೆಲೆಯ ಮರದ ಕೊಂಬೆಗೆ ಅದೇ ಪಟ್ಟಿ ಬಳಿದು ಮೋಸ ಮಾಡಬೇಡಿ.

ಬೀಳುವ ಹಿಮಕ್ಕೆ ಸಿಪಿಯುಪಾರ್ಟಿಕಲ್ಸ್2ಡಿ: ಸಂಖ್ಯೆ 150, ಆಯುಷ್ಯ 8 ಸೆಕೆಂಡ್, ವೇಗ ಸೆಕೆಂಡಿಗೆ 90 ಪಿಕ್ಸೆಲ್ ಸುಮಾರು, ಗುರುತ್ವ ಸೊನ್ನೆ, ಹುಟ್ಟುವ ಪಟ್ಟಿ ಪರದೆಗಿಂತ ಅಗಲ. 8 ಸೆಕೆಂಡಿನಲ್ಲಿ 720 ಪಿಕ್ಸೆಲ್ ಇಳಿದು ಸರಿಯಾಗಿ ಕೆಳಗೆ ಮುಗಿಯುತ್ತದೆ. ಹಿಮ ಮೊದಲೇ ಎಷ್ಟು ಸೆಕೆಂಡ್ ಬಿದ್ದಂತಿರಬೇಕು ಎಂದು ಹೇಳುವ ಪ್ರೀಪ್ರೊಸೆಸ್ ಕೂಡ 8 ಇಡಿ, ಇಲ್ಲದಿದ್ದರೆ ಲೆವೆಲ್ ಶುರುವಾದಾಗ ಖಾಲಿ ಆಕಾಶದಲ್ಲಿ ಮೇಲಿನಿಂದ ಒಂದು ಪರದೆ ಇಳಿದು ಬಂದಂತೆ ಕಾಣುತ್ತದೆ. ಹಿಮ ಅಳಿಲಿನ ಹಿಂದೆ ಬೀಳಲಿ, 0.4 ಪಾರದರ್ಶಕತೆಯಲ್ಲಿ. ಮುಂದೆ ಹೊಳೆಯುತ್ತಾ ಬಿದ್ದರೆ ಮಕ್ಕಳು ಅದನ್ನೇ ದೀಪ ಎಂದು ಹಿಡಿಯಲು ಜಿಗಿಯುತ್ತಾರೆ.

ಮಿಣುಕುವ ದೀಪದ ಸರಗಳ ವಿಷಯದಲ್ಲಿ ಎಚ್ಚರ ಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ದೊಡ್ಡ ಭಾಗ ಬೆಳಗಿ ಆರುವುದು ಬೆಳಕಿಗೆ ಸೂಕ್ಷ್ಮವಾದ ಅಪಸ್ಮಾರ ಇರುವವರಿಗೆ ಅಪಾಯ. ವೆಬ್ ಸುಲಭಗಮ್ಯತೆಯ ನಿಯಮಾವಳಿಯ ಮಿತಿಯೂ ಅದೇ. ಪ್ರತಿ ದೀಪ 1.5 ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಬೆಳಗಿ ನಿಧಾನವಾಗಿ ಮಂಕಾಗಲಿ, ಎಲ್ಲವೂ ಒಟ್ಟಿಗೆ ಬೇಡ.

ಶಬ್ದಕ್ಕೆ ಒಂದೇ ಒಂದು ಗಂಟೆಯ ಫೈಲ್ ಸಾಕು. ಸಾಲಾಗಿ ದೀಪ ಹೆಕ್ಕಿದಾಗ ಪ್ರತಿ ಸಲವೂ ಪಿಚ್ ಸ್ಕೇಲ್ ಏರಿಸಿ: 1, 1.125, 1.25, 1.5, 1.667, 2. ಇವು ಐದು ಸ್ವರದ ಏಣಿಯ ಅನುಪಾತಗಳು. ನಮ್ಮ ಕಿವಿಗೆ ಮೋಹನ ರಾಗದ ಆರೋಹಣ: ಸ ರಿ ಗ ಪ ದ ಸ. ಯಾವ ಎರಡು ಒಟ್ಟಿಗೆ ಬಿದ್ದರೂ ಕರ್ಕಶವಾಗುವುದಿಲ್ಲ. 2 ಸೆಕೆಂಡ್ ದೀಪ ಸಿಗದಿದ್ದರೆ ಮತ್ತೆ 1ಕ್ಕೆ ಇಳಿಯಲಿ. ಲೆವೆಲ್ ಕೊನೆಯಲ್ಲಿ ಮರ ಬೆಳಗುವಾಗಲೂ ಇದೇ ಏಣಿ: ಕೆಳಗಿನ ಕೊಂಬೆಯ ದೀಪ ಮೊದಲು, 0.25 ಸೆಕೆಂಡಿಗೊಂದರಂತೆ ಮೇಲಕ್ಕೆ, 24ಕ್ಕೆ 6 ಸೆಕೆಂಡ್. ಹತ್ತೇ ದೀಪ ಸಿಕ್ಕಿದ್ದರೂ ತುದಿಯ ನಕ್ಷತ್ರ ಹೊತ್ತಿಕೊಳ್ಳಲಿ. ಸಿಗದ ದೀಪಗಳ ಜಾಗ ಕತ್ತಲಾಗಿರುತ್ತದೆ, ಇನ್ನೊಮ್ಮೆ ಆಡಲು ಮಗುವಿಗೆ ಅಷ್ಟು ಕಾರಣ ಸಾಕು.

ಹಾಡುಗಳ ಹಕ್ಕು ನೋಡಿಕೊಳ್ಳಿ. ಜಿಂಗಲ್ ಬೆಲ್ಸ್ ರಾಗ 1857ರದು, ಯಾರ ಸ್ವತ್ತೂ ಅಲ್ಲ. ಆದರೆ ಯಾರೋ ನುಡಿಸಿದ ಧ್ವನಿಮುದ್ರಣಕ್ಕೆ ಅದರದೇ ಹಕ್ಕಿರುತ್ತದೆ, ರಾಗವನ್ನು ನೀವೇ ನುಡಿಸಿ ಹಾಕಿ. ಕೆಂಪು ಮೂಗಿನ ಹಿಮಸಾರಂಗವನ್ನು ಜನಪದ ಕಥೆಯದು ಎಂದುಕೊಂಡು ಬಳಸುವವರಿದ್ದಾರೆ. ಅದು 1939ರಲ್ಲಿ ರಾಬರ್ಟ್ ಎಲ್. ಮೇ ಅಮೆರಿಕದ ಮಾಂಟ್ಗೊಮೆರಿ ವಾರ್ಡ್ ಮಳಿಗೆಗಾಗಿ ಸೃಷ್ಟಿಸಿದ ಪಾತ್ರ. ಮೂಗಿಗೆ ಬೇರೆ ಬಣ್ಣ ಹಚ್ಚುವುದಕ್ಕಿಂತ ಬೇರೆ ಪ್ರಾಣಿಯನ್ನೇ ಆರಿಸುವುದು ವಾಸಿ.

ಹಬ್ಬದ ಆಟಕ್ಕೆ ಜನವರಿಯಲ್ಲಿ ಗಿರಾಕಿಗಳಿಲ್ಲ. ಅಲಂಕಾರದ ಟೈಲ್‌ಗಳನ್ನೆಲ್ಲ ಪ್ರತ್ಯೇಕ ಟೈಲ್‌ಮ್ಯಾಪ್‌ಲೇಯರ್‌ನಲ್ಲಿ ಇಡಿ, ನೆಲದ ಜೊತೆ ಬೆರೆಸಬೇಡಿ. ಆಗ ಅದೇ ಲೆವೆಲ್‌ಗಳಿಗೆ ವಸಂತದ ಬಟ್ಟೆ ತೊಡಿಸುವುದು ಒಂದು ದಿನದ ಕೆಲಸ. ಸೆಗಾ 1996ರ ಕ್ರಿಸ್‌ಮಸ್ ನೈಟ್ಸ್‌ನಲ್ಲಿ ಯಂತ್ರದ ಗಡಿಯಾರ ನೋಡಿ ಆಟದ ವೇಷ ಬದಲಿಸುತ್ತಿತ್ತು. ಗೊಡೋದಲ್ಲೂ ಸಾಧನದ ದಿನಾಂಕ ಓದಿ ಇದನ್ನು ಮಾಡಬಹುದು.

ಮಗುವಿನ ಕೈಗೆ ಕೊಡುವ ದಿನ

ಲೆವೆಲ್‌ನ ಚಿತ್ರವನ್ನು ಉದ್ದಕ್ಕೆ ಮುದ್ರಿಸಿ ಮಡಿಲಲ್ಲಿಟ್ಟುಕೊಂಡು ಕೂರಿ. ಕಂಟ್ರೋಲರ್ ಕೊಟ್ಟು ಬಾಯಿ ಮುಚ್ಚಿಕೊಳ್ಳಿ. "ಅದನ್ನು ಒತ್ತು" ಎಂದು ಒಮ್ಮೆ ಹೇಳಿದರೂ ಪರೀಕ್ಷೆ ಕೆಟ್ಟಿತು. ಮಗು ಬಿದ್ದಲ್ಲಿ ಒಂದು ಚುಕ್ಕೆ, ನಿಂತು ಯೋಚಿಸಿದಲ್ಲಿ ಒಂದು ಗೆರೆ, ನಿಮ್ಮ ಮುಖ ನೋಡಿದಲ್ಲಿ ಒಂದು ವೃತ್ತ. ಮೂರು ಮಕ್ಕಳು, ತಲಾ ಹತ್ತು ನಿಮಿಷ. ಇಬ್ಬರು ಒಂದೇ ಜಾಗದಲ್ಲಿ ಬಿದ್ದಿದ್ದರೆ ಆ ಜಾಗ ತಿದ್ದಿ. ವೃತ್ತಗಳೇ ಹೆಚ್ಚು ಮುಖ್ಯ: ಮುಂದೆ ಏನು ಮಾಡಬೇಕೆಂದು ಆಟ ತಿಳಿಸದಿದ್ದಾಗಲೇ ಮಗು ನಿಮ್ಮತ್ತ ತಿರುಗುವುದು.

ಹಂಚಲು ಬ್ರೌಸರ್ ಆವೃತ್ತಿ ಸುಲಭ. ವೆಬ್ ಎಕ್ಸ್‌ಪೋರ್ಟ್‌ನಲ್ಲಿ ಥ್ರೆಡ್ ಬೆಂಬಲ ಆಫ್ ಮಾಡಿ, ಮುಖ್ಯ ಕಡತದ ಹೆಸರು ಇಂಡೆಕ್ಸ್ ಎಂದಿರಲಿ, ಎಲ್ಲವನ್ನೂ ಒಂದು ಜಿಪ್ ಮಾಡಿ. ಬ್ರೌಸರ್‌ಗಳು ಮೊದಲ ಸ್ಪರ್ಶದವರೆಗೆ ಶಬ್ದ ಹೊರಡಿಸಲು ಬಿಡುವುದಿಲ್ಲ. ಗೇಮ್‌ಪ್ಯಾಡ್ ಕೂಡ ಅದರ ಒಂದು ಬಟನ್ ಒತ್ತುವವರೆಗೆ ಕಾಣುವುದಿಲ್ಲ. ಮೊದಲ ಪರದೆಯಲ್ಲಿ ನಿದ್ದೆ ಮಾಡುತ್ತಿರುವ ಅಳಿಲನ್ನು ಇಡಿ. ಮುಟ್ಟಿದರೂ ಒತ್ತಿದರೂ ಅದು ಕಣ್ಣು ಬಿಟ್ಟು ಎದ್ದು ಕೂರಲಿ, ಎರಡೂ ತೊಡಕು ಅಲ್ಲೇ ಬಗೆಹರಿಯುತ್ತವೆ.

ಜಾಹೀರಾತು, ಹೆಸರು ಕೇಳುವ ಪೆಟ್ಟಿಗೆ, ಹೊರಗಿನ ಕೊಂಡಿ ಯಾವುದೂ ಬೇಡ. ಮಕ್ಕಳ ಮಾಹಿತಿ ಸಂಗ್ರಹಿಸಿದರೆ ಮಕ್ಕಳ ಆನ್‌ಲೈನ್ ಖಾಸಗಿತನ ಕಾಯುವ ಅಮೆರಿಕದ ಕೊಪ್ಪಾದಂಥ ಕಾನೂನುಗಳು ಹೆತ್ತವರ ಒಪ್ಪಿಗೆ ಕೇಳುತ್ತವೆ, ಏನನ್ನೂ ಸಂಗ್ರಹಿಸದಿದ್ದರೆ ಆ ಪ್ರಶ್ನೆಯೇ ಬರುವುದಿಲ್ಲ. ಎಷ್ಟು ದೀಪ ಸಿಕ್ಕಿದೆ ಎಂಬುದನ್ನು ಸಾಧನದಲ್ಲೇ ಉಳಿಸಿ. ಶಬ್ದದ ಮಟ್ಟ ಬದಲಿಸುವಂಥ ದೊಡ್ಡವರ ಪುಟವನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ತೆರೆಯುವಂತೆ ಮಾಡಿ. ತಟ್ಟುವ ಕೈಗಳಿಗೆ ಅದು ಸಿಗುವುದಿಲ್ಲ.